ತಳ ಹತ್ತಿದ ಮಸಾಲೆ

ಕಾಶೀಬಾಯಿ ಗದಗಿನಲ್ಲಿ ಮೂವತ್ತೊಂದು ವರ್ಷ ಖಾರದ ಮಾಂಸದೂಟದ ಸಾವಜಿ ಖಾನಾವಳಿ ನಡೆಸಿದವರು. ಗಂಡ ಹೊರಗಿನ ವ್ಯವಹಾರ ನೋಡಿಕೊಂಡರೆ ಒಲೆಯ ಮುಂದೆ ಇವರೇ. ಹಾಗಾಗಿ ಬೇರೆಯವರು ಮಾಡಿದ್ದನ್ನು ಉಣ್ಣಲು ಕೂತಾಗ ಅವರ ನಾಲಗೆಗಿಂತ ಮೊದಲು ಮೂಗು ಕೆಲಸ ಶುರು ಮಾಡುತ್ತಿತ್ತು.

ಇಂಗ್ಲೆಂಡಿನ ಶೆಫೀಲ್ಡಿಗೆ ಬಂದು ಎರಡು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಮಗ ಅಶೋಕ ಬಿಡುವಿದ್ದ ಶನಿವಾರಗಳಲ್ಲೆಲ್ಲ ಅವರನ್ನು ಒಂದಲ್ಲ ಒಂದು ಹೋಟೆಲಿಗೆ ಕರೆದೊಯ್ದಿದ್ದ. ಎಲ್ಲ ಕಡೆಯೂ ಅವರು ನಾಲ್ಕು ತುತ್ತು ತಿಂದು ತಟ್ಟೆ ಸರಿಸಿದ್ದರು. ಒಂದು ಕಡೆಯಂತೂ ಒಂದೇ ಗ್ರೇವಿಗೆ ಆರು ಹೆಸರಿಟ್ಟು ಮಾರುತ್ತಾರೆಂದು ಬಡಿಸುವವನ ಎದುರೇ ಹೇಳಿದ್ದರು. ಅವನು ಬಾಂಗ್ಲಾದೇಶದ ಸಿಲ್ಹೆಟ್ಟಿನವನು, ಮಾತು ತಿಳಿಯದಿದ್ದರೂ ದನಿ ತಿಳಿದಿತ್ತು.

ಎರಡು ಸಾವಿರದ ನಾಲ್ಕರ ಜೂನಿನ ಒಂದು ಶನಿವಾರ ಸೊಸೆ ಸಮೀಕ್ಷಾ ಬೇರೆ ಜಾಗ ಹೇಳಿದಳು. ಮೈಸೂರಿನ ಹುಡುಗಿ, ಇಲ್ಲಿಯ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದಳು.

"ಅತ್ತೆ, ಇದು ಮಲೇಷ್ಯಾದವರದು. ಅಲ್ಲೂ ಉತ್ತರದ ಒಂದು ಮೂಲೆ, ಕೆಲಾಂತನ್ ಅಂತ. ಒಬ್ಬ ಹೆಂಗಸೇ ಅಡುಗೆ ಮಾಡ್ತಾರೆ. ನನ್ನ ಸ್ಟೂಡೆಂಟ್ಸ್ ಎಲ್ಲ ಅಲ್ಲೇ ಬಿದ್ದಿರ್ತಾರೆ."

"ನಡೀರಿ, ಅದನ್ನೂ ನೋಡೂಣು," ಎಂದರು ಕಾಶೀಬಾಯಿ.

ಹಿಂದೆ ಮೀನು ಕರಿದು ಮಾರುತ್ತಿದ್ದ ಅಂಗಡಿ ಅದು. ಏಳು ಟೇಬಲ್ಲು, ಗೋಡೆಗೆ ಬಿಳಿ ಟೈಲ್ಸು. ಅಡುಗೆಮನೆಗೂ ಕೂರುವ ಜಾಗಕ್ಕೂ ನಡುವೆ ಎದೆಮಟ್ಟದ ಒಂದು ಕಟ್ಟೆ ಮಾತ್ರ. ಕಟ್ಟೆಯಾಚೆ ರೊಹಾನಾ ಎಂಬ ಐವತ್ತು ದಾಟಿದ ಹೆಂಗಸು, ತಲೆಗೆ ಬಟ್ಟೆ ಬಿಗಿದುಕೊಂಡು, ಅಂಗಿಯ ತೋಳು ಮೇಲೆ ಮಡಚಿ ಓಡಾಡುತ್ತಿದ್ದಳು. ಅವಳೇ ಬಂದು ಆರ್ಡರು ತೆಗೆದುಕೊಂಡಳು. ಕೆಂಡದ ಮೇಲೆ ಸುಟ್ಟ ಕೋಳಿ, ಅದರ ಮೇಲೆ ತೆಂಗಿನಹಾಲಿನ ಗಟ್ಟಿ ಮಸಾಲೆ, ಜೊತೆಗೆ ನೀಲಿ ಅನ್ನ. ಮೊಮ್ಮಗಳೂ ಸೇರಿ ನಾಲ್ವರಿಗೂ ಅದನ್ನೇ ಹೇಳಿದರು.

ಹತ್ತು ನಿಮಿಷ ಕಳೆದಿರಬೇಕು. ಹುರಿದ ಕೊಬ್ಬರಿ, ಶುಂಠಿ, ನಿಂಬೆಹುಲ್ಲಿನ ಘಮದ ಅಡಿಯಿಂದ ಇನ್ನೊಂದು ವಾಸನೆ ಎದ್ದು ಬಂತು. ಅಶೋಕ ಮಗಳು ಗೌರಿಗೆ ಏನೋ ಚಿತ್ರ ಬರೆದು ತೋರಿಸುತ್ತಿದ್ದ. ಸಮೀಕ್ಷಾ ನೀರು ಬಗ್ಗಿಸುತ್ತಿದ್ದಳು. ಯಾರಿಗೂ ಗೊತ್ತಾಗಲಿಲ್ಲ. ಕಾಶೀಬಾಯಿ ಬೆನ್ನು ನೆಟ್ಟಗೆ ಮಾಡಿ ಕೂತರು.

ತಳ ಹತ್ತಿತ್ತು.

ಇನ್ನು ಇವಳೇನು ಮಾಡುತ್ತಾಳೆ ಎನ್ನುವುದು ಅವರಿಗೆ ಅಂಗೈಯಷ್ಟು ಸ್ಪಷ್ಟವಿತ್ತು. ಸೌಟು ಆಡಿಸದೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸುವುದು. ಚೂರು ಸಿಹಿ, ಹುಳಿ ಹಿಂಡುವುದು. ಹೇಗೂ ಸುಟ್ಟ ಕೋಳಿ, ಸುಟ್ಟ ವಾಸನೆ ಅದರೊಳಗೇ ಅಡಗುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಸಂಶಯವೂ ಬರುವುದಿಲ್ಲ. ಅವರು ಕಣ್ಣು ಕೀಳದೆ ಕಟ್ಟೆಯ ಕಡೆ ನೋಡಿದರು.

ರೊಹಾನಾ ಚಮಚದ ತುದಿಯಲ್ಲಿ ರುಚಿ ನೋಡಿದಳು. ಒಲೆ ಆರಿಸಿದಳು. ಆಮೇಲೆ ಎರಡೂ ಕೈಯಲ್ಲಿ ಪಾತ್ರೆ ಎತ್ತಿ ಇಡೀ ಮಸಾಲೆಯನ್ನು ಕಸದ ಡಬ್ಬಿಗೆ ಸುರಿದುಬಿಟ್ಟಳು. ಕೈ ಒರೆಸಿಕೊಳ್ಳುತ್ತ ಇವರ ಟೇಬಲ್ಲಿಗೆ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದಳು.

"ಏನಂತಾಳ?" ಎಂದರು ಕಾಶೀಬಾಯಿ, ತಿಳಿದಿದ್ದರೂ.

"ಮಸಾಲೆ ತಳ ಹಿಡೀತಂತೆ ಅತ್ತೆ. ಬೇರೆ ಕಡೆ ಗಮನ ಹೋಯ್ತು, ತಪ್ಪು ನಂದೇ, ಅದನ್ನ ನಿಮಗೆ ಬಡಿಸಲ್ಲ ಅಂತಿದಾರೆ. ಹೊಸದಾಗಿ ಮಾಡೋಕೆ ಮುಕ್ಕಾಲು ಗಂಟೆ ಬೇಕಂತೆ."

ಗೌರಿ ಹೊಟ್ಟೆ ಹಿಡಿದುಕೊಂಡು, "ಬಟ್ ಐ ಆ್ಯಮ್ ಹಂಗ್ರಿ ನೌ," ಎಂದಳು. ಅಶೋಕ ಎದ್ದೇ ನಿಂತ. "ನಡಿಯವ್ವಾ, ಊರೊಳಗ ಎಲ್ಲೆರ ತಿನ್ನೂಣು."

"ಕುಂದ್ರು," ಎಂದರು ಕಾಶೀಬಾಯಿ. ಗದಗಿನ ಅಡುಗೆಮನೆಯ ದನಿ ಅದು. ಎಂಟು ವರ್ಷ ಓದಿ ಡಾಕ್ಟರಾದವನು ಹಾಗೇ ಕೂತ. "ಆಕೀಗೆ ಹೇಳು, ನಾವು ಕಾಯ್ತೀವಿ. ಅವಸರ ಮಾಡಬ್ಯಾಡ ಅಂತ ಹೇಳು."

ರೊಹಾನಾ ಗೌರಿಗೆ ಒಂದು ಬಿಸಿ ರೋಟಿ ತಂದುಕೊಟ್ಟು ಒಳಗೆ ಹೋದಳು. ಕಾಶೀಬಾಯಿ ಯಾರೂ ಕೇಳದಿದ್ದರೂ ಹೇಳತೊಡಗಿದರು.

"ನಿಮ್ಮಪ್ಪ ಇದ್ದಾಗಿನ ಮಾತು. ಪ್ರಿಂಟಿಂಗ್ ಪ್ರೆಸ್ಸಿನವರು ನಲವತ್ತು ಮಂದಿಗೆ ಊಟ ಹೇಳಿದ್ರು. ಮಟನ್ ರಸಾ ತಳ ಹತ್ತಿತು. ಚೆಲ್ಲಾಕ ಮನಸ್ಸಾಗಲಿಲ್ಲ. ಮ್ಯಾಲಿಂದು ಬ್ಯಾರೆ ಪಾತೇಲಿಗೆ ತಗದು, ಲವಂಗ ಜಾಸ್ತಿ ಹಾಕಿ, ಬಡಿಸಿಬಿಟ್ಟೆ. ನಲವತ್ತು ಮಂದೀನೂ ಛಲೋ ಆಗೇತಿ ಅಂದ್ರು. ಮೂಲ್ಯಾಗ ಚಿದಾನಂದ ಮಾಸ್ತರ ಕುಂತಿದ್ರು. ಹನ್ನೊಂದು ವರ್ಷ, ಪ್ರತಿ ರವಿವಾರ ಬರ್ತಿದ್ದ ಮನಷ್ಯಾ. ಒಂದು ತುತ್ತು ತಿಂದು ನನ್ನ ಕಡೆ ನೋಡಿದ್ರು. ಏನೂ ಅನ್ನಲಿಲ್ಲ. ತಾಟ ಖಾಲಿ ಮಾಡಿ, ಕೈ ತೊಳಕೊಂಡು ಹೋದ್ರು. ಮತ್ತ ಬರಲಿಲ್ಲ."

"ಎಲ್ಲೆರ ವರ್ಗ ಆಗಿರಬೇಕು ಬಿಡವ್ವ."

"ಅದ ಸಾಲ್ಯಾಗ ಇನ್ನೂ ಆರು ವರ್ಷ ಇದ್ರು, ಅಶೋಕ. ದಿನಾ ನಮ್ಮ ಬಾಗಲ ಮುಂದ ಹಾದು ಹೋಗ್ತಿದ್ರು. ಕಂಡ್ರ ನಮಸ್ಕಾರ ಮಾಡ್ತಿದ್ರು."

ಅತ್ತೆ ಯಾವತ್ತೂ ತಮ್ಮ ಕೈಯಡುಗೆಯ ಕುಂದು ಹೇಳಿದ್ದನ್ನು ಸಮೀಕ್ಷಾ ಕೇಳಿರಲಿಲ್ಲ. ಅವರ ಲೋಟಕ್ಕೆ ನೀರು ತುಂಬಿದಳು.

ಊಟ ಬಂದಾಗ ಮುಕ್ಕಾಲಲ್ಲ, ಒಂದು ಗಂಟೆಯೇ ಆಗಿತ್ತು. ಹೊರಗೆ ಇನ್ನೂ ಬಿಸಿಲಿತ್ತು. ಅನ್ನ ಮಳೆ ತೊಳೆದ ಆಕಾಶದ ಬಣ್ಣದ್ದು. ಸುತ್ತ ಸಣ್ಣಗೆ ಹೆಚ್ಚಿದ ಹಸಿ ಸೊಪ್ಪು, ಹುರಿದ ಕೊಬ್ಬರಿ, ಉಪ್ಪಿನಲ್ಲಿ ಊರಿಸಿದ ಅರ್ಧ ಮೊಟ್ಟೆ.

"ವೈ ಈಸ್ ಇಟ್ ಬ್ಲೂ?" ಎಂದು ಗೌರಿ ಕೇಳಿದ್ದಕ್ಕೆ ರೊಹಾನಾ ಒಳಗಿನಿಂದ ಒಣಗಿದ ಹೂಗಳ ಡಬ್ಬಿ ತಂದು ತೋರಿಸಿದಳು. ಕಾಶೀಬಾಯಿ ಒಂದು ಹೂವನ್ನು ಬೆರಳಲ್ಲಿ ಬಿಡಿಸಿ ನೋಡಿದರು. ಶಂಖಪುಷ್ಪ. ಅವರ ಹಿತ್ತಲ ಬೇಲಿಯಲ್ಲಿ ದಿನಕ್ಕೊಂದು ಬುಟ್ಟಿ ಬಿಡುವ ಹೂವು. ಪೂಜೆಗಲ್ಲದೆ ಬೇರೆಯದಕ್ಕೆ ಅದು ಬಂದೀತೆಂದು ಅವರಿಗೆ ಹೊಳೆದಿರಲೇ ಇಲ್ಲ.

"ಎಂಥಾ ಶಾಣ್ಯಾ ಹೆಣ್ಣಮಗಳು," ಎಂದು ಕೈ ಹಾಕಿ ಕಲಸಿದರು.

ಮಸಾಲೆ ಹದವಾಗಿತ್ತು. ಖಾರ ನಾಲಗೆಯ ತುದಿಯಲ್ಲಿ ಕಚ್ಚದೆ ನಿಧಾನಕ್ಕೆ ಗಂಟಲಲ್ಲಿ ಏರುತ್ತಿತ್ತು. ತೆಂಗಿನಹಾಲು ಒಡೆದಿರಲಿಲ್ಲ, ಕೋಳಿಯ ಎಲುಬಿನವರೆಗೆ ಉಪ್ಪು ಹಿಡಿದಿತ್ತು. ಅವರು ತಟ್ಟೆ ಸರಿಸದೆ ಉಂಡರು, ಇನ್ನಷ್ಟು ಅನ್ನ ಹಾಕಿಸಿಕೊಂಡರು, ಬೆರಳು ನೆಕ್ಕಿದರು. ಅಶೋಕ ಹೆಂಡತಿಯ ಮುಖ ನೋಡಿದ.

ಕೈ ತೊಳೆದು ಕಾಶೀಬಾಯಿ ನೇರವಾಗಿ ಕಟ್ಟೆಯ ಬಳಿ ಹೋದರು. "ಸಮೀಕ್ಷಾ, ನಾನೂ ಇದ ಕೆಲಸದಾಕಿ ಅಂತ ಹೇಳು. ಮಾಸ್ತರದೂ ಹೇಳು."

"ಅದೂ ಹೇಳ್ಬೇಕಾ ಅತ್ತೆ?"

"ಅದನ್ನ ಮೊದಲು ಹೇಳು. ನನ್ನಿಂದ ಆಗದ್ದು ಆಕೀ ಮಾಡ್ಯಾಳ."

ಸಮೀಕ್ಷಾ ಹೇಳಿದಳು. ರೊಹಾನಾ ಒಲೆ ಸಣ್ಣದು ಮಾಡಿ, ತಲೆ ಬಾಗಿಸಿ ಪೂರ್ತಿ ಕೇಳಿಸಿಕೊಂಡಳು. ಇರಲಿ ಬಿಡಿ ಎನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಲವತ್ತು ಜನರಿಗೆ ಎಷ್ಟು ಮಾಂಸ ಹಾಕುತ್ತಿದ್ದಿರಿ, ಸಹಾಯಕ್ಕೆ ಎಷ್ಟು ಜನ ಇದ್ದರು ಎಂದು ಕೇಳಿದಳು. ಹದಿಮೂರು ಕಿಲೋ, ನಾನೊಬ್ಬಳೇ ಎಂದು ಉತ್ತರ ಬಂದಾಗ ಕಣ್ಣರಳಿಸಿ, ಕಟ್ಟೆಯ ಮೇಲಿಂದ ಕಾಶೀಬಾಯಿಯ ಕೈ ಹಿಡಿದುಕೊಂಡಳು. ಎರಡೂ ಕೈಗಳಲ್ಲಿ ಎಣ್ಣೆ ಸಿಡಿದ ಹಳೆಯ ಕಲೆಗಳಿದ್ದವು.

ಮುಂದಿನ ಶನಿವಾರ ಆಸ್ಪತ್ರೆಯ ಪಾಳಿ ಬದಲಾಗಿ ಅಶೋಕನಿಗೆ ಡ್ಯೂಟಿ ಬಿತ್ತು, ಸಮೀಕ್ಷಾಗೆ ತಿದ್ದಲು ಪೇಪರುಗಳ ರಾಶಿಯಿತ್ತು. ಕಾಶೀಬಾಯಿ ಅವರಿಗಾಗಿ ಕಾಯಲಿಲ್ಲ. ಊರಿಂದ ತಂದಿದ್ದ ಸಾವಜಿ ಮಸಾಲೆಯ ಒಂದು ಪೊಟ್ಟಣವನ್ನು ರೊಹಾನಾಳಿಗೆಂದು ಸೆರಗಿನೊಳಗಿಟ್ಟುಕೊಂಡು, ಗೌರಿಯ ಕೈ ಹಿಡಿದು, ಆ ದೇಶದಲ್ಲಿ ಮೊದಲ ಬಾರಿಗೆ ಮಗನಿಲ್ಲದೆ ಟ್ರಾಮ್ ಹತ್ತಿದರು.