ಅತಿಥಿಯ ಮುಂದೆ ಒಂದು ದೂರು

ಸೆನ್ಯೋರಾ ಸೊ ಬರುವ ಹಿಂದಿನ ದಿನ ನಾವು ನೋಂದಣಿ ಕಚೇರಿಗೆ ಸುಣ್ಣ ಬಳಿದೆವು. ಶಾಲೆಯಿಂದ ಒಂದು ಕಂಪ್ಯೂಟರ್ ಎರವಲು ತಂದು ಮೇಜಿನ ಮೇಲೆ ಕೂರಿಸಿದೆವು. ತಂತಿ ಸಿಕ್ಕಿಸಲು ಆ ಗೋಡೆಯಲ್ಲಿ ಪ್ಲಗ್ಗೇ ಇರಲಿಲ್ಲ. ಮೇಯರ್ ಹೆಂಡತಿ ನ್ಯಾ ಸುನಿಲ್ದಾ ತಂತಿಯ ತುದಿಯನ್ನು ಹೂಕುಂಡದ ಹಿಂದೆ ಬಚ್ಚಿಟ್ಟರು.

"ಮನೆಗೆ ಬಂದೋರಿಗೆ ಯಾರಾದ್ರೂ ಮುರಿದ ಕುರ್ಚಿ ಹಾಕ್ತಾರೇನ್ರೇ?" ಎಂದರು.

ಸೆನ್ಯೋರಾ ಸೊ ಕೊರಿಯಾದವರು. ಸರ್ಕಾರಿ ಕಚೇರಿಗಳ ಕೆಲಸ ಸುಧಾರಿಸಲು ನೆರವಾಗಲಿ ಎಂದು ಅವರ ದೇಶ ಅವರನ್ನು ಪರಾಗ್ವೆಗೆ ಕಳಿಸಿತ್ತು. ನದಿಯ ಮೇಲ್ದಂಡೆಯ ಊರುಗಳಲ್ಲಿ ಒಂದನ್ನು ಆರಿಸಿ ಅಲ್ಲಿಗೆ ಕಂಪ್ಯೂಟರು, ಇಂಟರ್ನೆಟ್ಟು, ತರಬೇತಿ ಕೊಡುವವರಿದ್ದರು. ಅವರು ನಮ್ಮೂರನ್ನೇ ಆರಿಸಲಿ ಎಂದು ಊರಿಗಿಂತ ಹೆಚ್ಚಾಗಿ ನಾನು ಹಾರೈಸುತ್ತಿದ್ದೆ. ನಾನು ಹುಟ್ಟಿದ ದಾಖಲೆ ನಮ್ಮೂರಿನ ಕಪಾಟಿನಲ್ಲಿದೆ, ರಾಜಧಾನಿಯ ಕಂಪ್ಯೂಟರಿನಲ್ಲಿ ಇಲ್ಲ. ಅಲ್ಲಿ ಇಲ್ಲದವರಿಗೆ ಗುರುತಿನ ಚೀಟಿ ಇಲ್ಲ. ಚೀಟಿ ಇಲ್ಲವೆಂದು ಕೊನ್ಸೆಪ್ಸಿಯೋನಿನ ನರ್ಸಿಂಗ್ ಶಾಲೆ ಹೋದ ವರ್ಷ ನನ್ನನ್ನು ಹಿಂದಕ್ಕೆ ಕಳಿಸಿತ್ತು. ಈ ವರ್ಷವೂ ಹಾಗಾದರೆ ಅಮ್ಮನ ಜೊತೆ ಬಸ್ ನಿಲ್ದಾಣದಲ್ಲಿ ಚೀಪಾ ಮಾರುತ್ತ, ಕೂದಲಲ್ಲಿ ಗಿಣ್ಣಿನ ರೊಟ್ಟಿಯ ವಾಸನೆ ಹೊತ್ತುಕೊಂಡು ಮುದುಕಿಯಾಗಬೇಕು.

ಇದಕ್ಕೆ ನೋಂದಣಿ ಅಧಿಕಾರಿ ದೋನ್ ಕ್ರಿಸ್ಪುಲೊ ಅವರನ್ನು ಬೈಯಲು ಯಾರಿಗೂ ಬಾಯಿ ಬಾರದು. ಊರಿನ ಅರ್ಧ ಮಕ್ಕಳನ್ನು ದೀಕ್ಷಾಸ್ನಾನದಲ್ಲಿ ಎತ್ತಿಕೊಂಡ ಧರ್ಮತಂದೆ ಅವರು. ನನಗೂ ಪದ್ರೀನೊ.

ಸೆನ್ಯೋರಾ ಸೊ ಬಂದರು. ಸಾಲಿನಲ್ಲಿ ನಿಂತವರನ್ನು ಒಬ್ಬೊಬ್ಬರಾಗಿ ಕೇಳತೊಡಗಿದರು. ಅವರ ಸ್ಪ್ಯಾನಿಷ್ ಹೊಸ ಚಪ್ಪಲಿ ಹಾಕಿಕೊಂಡವರ ಹಾಗೆ ಎಚ್ಚರದಿಂದ ಹೆಜ್ಜೆ ಇಡುತ್ತಿತ್ತು.

"ಇಲ್ಲಿ ನಿಮಗೆ ಏನಾದರೂ ತೊಂದರೆ ಇದೆಯೇ?"

"ತೊಂದ್ರೆನಾ? ಚಿನ್ನದಂಥ ಮನುಷ್ಯ ಸೆನ್ಯೋರಾ ಇವ್ರು!" ಎಂದ ಮೀನುಗಾರ ಎವಾರಿಸ್ತೊ. ಮಗ ಹುಟ್ಟಿದ ಕಾಗದಕ್ಕೆ ವರ್ಷಗಟ್ಟಲೆ ಅಲೆಯುತ್ತಿದ್ದವನು ಅವನೇ.

"ತುಂಬ ಕಾಯಬೇಕಾಗುತ್ತದೆಯೇ?"

"ಕಾಯೋದೆಲ್ಲಿ ಬಂತು? ತಣ್ಣನೆ ತೆರೆರೆ ಕುಡ್ಕೊಂಡು ಮಾತಾಡ್ತಾ ಇರ್ತೀವಿ. ಹೊತ್ತು ಹೋಗೋದೇ ಗೊತ್ತಾಗಲ್ಲ."

ಅಮ್ಮನೂ ಹಾಗೇ. "ಒಳ್ಳೇ ಕಚೇರಿ. ಸುಣ್ಣ ನೋಡಿ, ಹೆಂಗಿದೆ."

ಸೆನ್ಯೋರಾ ಸೊ ಪೆನ್ನಿನ ಮುಚ್ಚಳ ಹಾಕಿದರು. "ಸಂತೋಷ. ಹಾಗಾದರೆ ಇಲ್ಲಿ ನಮ್ಮ ಅಗತ್ಯವಿಲ್ಲ. ಪಕ್ಕದ ಊರನ್ನು ನೋಡುತ್ತೇನೆ."

ನ್ಯಾ ಸುನಿಲ್ದಾ ಚಪ್ಪಾಳೆ ತಟ್ಟಿದರು. ಸಾಲಿಗೆ ಸಾಲೇ ತಟ್ಟಿತು. ನಾವು ಪಾಸಾದೆವು ಎಂದುಕೊಂಡಿದ್ದರು ಅವರೆಲ್ಲ.

ನಾನು ಮುಂದೆ ಹೋದೆ. ಅಮ್ಮ ಹಿಂದಿನಿಂದ ಲಂಗ ಎಳೆದಳು. "ನಿಮಿಯಾ, ಬಾಯ್ಮುಚ್ಕೊಂಡಿರೇ!"

ದೋನ್ ಕ್ರಿಸ್ಪುಲೊ ಎದುರಾದಾಗಲೆಲ್ಲ ಮಾಡುವ ಹಾಗೆ ಎರಡು ಕೈ ಜೋಡಿಸಿದೆ. "ಆಶೀರ್ವಾದ ಮಾಡಿ, ಪದ್ರೀನೊ."

"ದೇವ್ರು ಒಳ್ಳೇದು ಮಾಡ್ಲಿ ಮಗಳೇ," ಎಂದು ಅವರು ಗಾಳಿಯಲ್ಲಿ ಶಿಲುಬೆ ಬರೆದರು.

ಜೋಡಿಸಿದ ಕೈ ಬಿಡಿಸದೆ ಸೆನ್ಯೋರಾ ಸೊ ಕಡೆ ತಿರುಗಿದೆ.

"ಇವ್ರೆಲ್ಲ ಸುಳ್ಳು ಹೇಳ್ತಿದಾರೆ ಸೆನ್ಯೋರಾ. ಆ ಕಂಪ್ಯೂಟರ್ ಶಾಲೇದು. ನನ್ನ ಅರ್ಜಿ ಹೋದ ವರ್ಷದಿಂದ ಇಲ್ಲೇ ಕೊಳೀತಿದೆ. ಅದು ರಾಜಧಾನಿಗೆ ಹೋಗ್ದಿದ್ರೆ ನಾನು ನರ್ಸ್ ಆಗೋಕಾಗಲ್ಲ."

ದೋನ್ ಕ್ರಿಸ್ಪುಲೊ ತಮ್ಮ ಅಂಗೈಯನ್ನೇ ನೋಡಿಕೊಂಡರು.

"ನಿನ್ನ ಎತ್ಕೊಂಡ ಕೈ ಕಣೇ ಇದು."

"ಗೊತ್ತು ಪದ್ರೀನೊ. ಅದಕ್ಕೇ ಮೊದ್ಲು ಆಶೀರ್ವಾದ ಕೇಳ್ದೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೋನ್ ಕ್ರಿಸ್ಪುಲೊ ಕುರ್ಚಿಯಲ್ಲಿ ಕುಸಿದು ಕೂತು ಸೆನ್ಯೋರಾ ಸೊ ಅವರನ್ನು ಕೇಳಿದರು, "ಮೆಷಿನ್ ಬಂದ್ರೆ ನನ್ನನ್ನ ಮನೆಗೆ ಕಳಿಸ್ತಾರಾ?"

"ಅದು ನನ್ನ ಕೈಯಲ್ಲಿಲ್ಲ," ಎಂದರು ಸೆನ್ಯೋರಾ ಸೊ. ಸಮಾಧಾನಕ್ಕೂ ಸುಳ್ಳು ಹೇಳಲಿಲ್ಲ. "ನಿಮಗೆ ಕಲಿಸುವುದು ನನ್ನ ಕೈಯಲ್ಲಿದೆ. ಆದರೆ ತೊಂದರೆಯೇ ಇಲ್ಲದ ಕಚೇರಿಗೆ ನಾನು ಏನು ಕಲಿಸಲಿ?"

ದೋನ್ ಕ್ರಿಸ್ಪುಲೊ ಎದ್ದು ನಿಂತರು.

"ಎವಾರಿಸ್ತೊ, ಹೇಳೋ. ಎಷ್ಟು ಅಲೆಸಿದೀನಿ ನಿನ್ನ?"

"ಅಯ್ಯೋ, ಬಿಡಿ ದೋನ್..."

"ಹೇಳೋ ಕತ್ತೆ! ಮರ್ಯಾದೆ ಕೊಟ್ಟು ಕೊಟ್ಟೇ ನನ್ನ ಮುಳುಗಿಸ್ಬೇಡಿ!"

ಎವಾರಿಸ್ತೊ ಟೋಪಿ ತೆಗೆದ. "ಹುಡ್ಗ ಹಾಲು ಕುಡೀತಿದ್ದಾಗಿಂದ," ಎಂದ. "ಈಗ ಗಾಳ ಹಾಕ್ತಾನೆ."

ಆಮೇಲೆ ತಡೆಯಲು ಯಾರಿಂದಾಗುತ್ತದೆ? ಸೂರು ಸೋರುವುದು, ಇರುವ ಒಂದೇ ಮೊಹರು ಸವೆದಿರುವುದು, ಗಂಡ ಸತ್ತ ದಾಖಲೆ ಬರುವುದರೊಳಗೆ ವಿಧವೆಯೂ ಸತ್ತದ್ದು ಎಲ್ಲ ಹೊರಬಂತು. ಬೆನ್ನಿಗೇ ಸೊಳ್ಳೆ, ರಸ್ತೆ, ಮೇಯರ್.

"ರಸ್ತೆ ವಿಷ್ಯ ಇಲ್ಯಾಕ್ರೋ?" ನ್ಯಾ ಸುನಿಲ್ದಾ ಕಿರುಚಿದರು. ಸೆನ್ಯೋರಾ ಸೊ ಹೊಸ ಹಾಳೆ ತೆಗೆದು ಬರೆಯುತ್ತಲೇ ಇದ್ದರು.

ಕೊನೆಗೆ, ತೀರ್ಮಾನ ರಾಜಧಾನಿ ಅಸುನ್ಸಿಯೋನಿನಲ್ಲಿ ಆಗಬೇಕು, ಆದರೆ ಈ ಊರಿಗೇ ಮೊದಲು ಕೊಡಿ ಎಂದು ಬರೆಯುತ್ತೇನೆ ಎಂದರು. ಕೆಲಸ ಹೇಗೆ ನಡೆಯುತ್ತದೆಂದು ತೋರಿಸಲು ಕೆಲವು ದಾಖಲೆ ಕಳಿಸುವ ಅನುಮತಿ ಅವರಿಗಿತ್ತು. ತಮ್ಮ ಲ್ಯಾಪ್‌ಟಾಪನ್ನು ಫೋನಿನ ಇಂಟರ್ನೆಟ್ಟಿಗೆ ಸೇರಿಸಿ ದೋನ್ ಕ್ರಿಸ್ಪುಲೊ ಮುಂದೆ ತೆರೆದಿಟ್ಟರು. "ಇವಳದ್ದನ್ನು ಈಗಲೇ ಕಳಿಸೋಣ. ನೀವೇ ಕಳಿಸಿ."

ಅವರು ಒಂದೇ ಬೆರಳಿನಲ್ಲಿ, ಕಾದ ಹಂಚು ಮುಟ್ಟುವವರ ಹಾಗೆ ಒತ್ತತೊಡಗಿದರು. ಅಮ್ಮ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.

"ಇವ್ಳಪ್ಪನ ಹೆಸ್ರು ಬಿಟ್ಬಿಡಿ. ಅವ್ನೂ ನಮ್ಮನ್ನ ಬಿಟ್ಟೋದ."

"ಬಿಡೋಕಾಗಲ್ಲ ಕಣಮ್ಮ, ಮೆಷಿನ್ ಕೇಳ್ತಿದೆ."

ಪರದೆಯ ಮೇಲೆ 'ಸ್ವೀಕರಿಸಲಾಗಿದೆ' ಎಂದು ಬಂತು. ದೋನ್ ಕ್ರಿಸ್ಪುಲೊ ಅದನ್ನು ಗಟ್ಟಿಯಾಗಿ ಓದಿ, ನಂಬಿಕೆ ಬಾರದೆ ನನ್ನ ಕೈಯಲ್ಲೂ ಓದಿಸಿದರು.

"ಬೇಗ ಬೇಗ ಆಗ್ಲಿ ದೋನ್! ಬಿಸಿಲು ಸುಡ್ತಿದೆ!" ಸಾಲಿನ ಹಿಂದಿನಿಂದ ಯಾರೋ ಕೂಗಿದರು. ದೋನ್ ಕ್ರಿಸ್ಪುಲೊಗೆ ಯಾರಾದರೂ ಹಾಗೆ ಕೂಗಿ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ದೂರು ಇದ್ರೆ ಸೆನ್ಯೋರಾಗೆ ಹೇಳು," ಎಂದರು ಅವರು ತಲೆ ಎತ್ತದೆ, ಬೆರಳು ಅಂಗಿಗೆ ಒರೆಸಿಕೊಳ್ಳುತ್ತ. "ಮುಂದಿನೋರು ಬನ್ನಿ!"