ಗಾಡಿ ಓಡಿಸಿದ್ದು ಯಾರು?

ಊರಿಗೆಲ್ಲ ಬೇಕಾದವನು, ಮನೆಯವರಿಗೆ ಮಾತ್ರ ತಲೆನೋವು. ಇಂಥವನೊಬ್ಬ ನಿಮ್ಮ ಬೀದಿಯಲ್ಲೂ ಇರಬಹುದು. ಈ ತಾಯಿಗೆ ಅಂಥ ಮಗನಿದ್ದ.

ತಾಯಿ ಕೆಲಸ ಮಾಡುವ ಬೇಕರಿ ಇರುವುದು ಕೂಡುರಸ್ತೆಯಲ್ಲಿ. ಅವತ್ತು ಬೆಳಿಗ್ಗೆ ಬ್ರೆಡ್ ಕತ್ತರಿಸುತ್ತಾ ಅವಳು ಕಿಟಕಿಯಿಂದ ಕಣ್ಣಾರೆ ನೋಡಿದಳು. ಕೆಂಪು ದೀಪ ಉರಿಯುತ್ತಿದ್ದರೂ ಮಗ ಸ್ಕೂಟರ್ ನುಗ್ಗಿಸಿ, ಸೈಕಲ್ಲಿನಲ್ಲಿ ಬರುತ್ತಿದ್ದ ಅಂಚೆಯವನಿಗೆ ಗುದ್ದಿದ. ಅಂಚೆಯವನ ಕಾಲು ಮುರಿಯಿತು. ಹಿಂದೆ ಕೂತಿದ್ದ ಸೊಸೆಯ ಬಲಗೈ ಮುರಿಯಿತು. ಅವಳು ಬಟ್ಟೆ ಹೊಲಿಯುವವಳು, ಆ ಕೈಯೇ ಅವಳ ಜೀವನ. ಮಗನಿಗೆ ಮಾತ್ರ ಒಂದು ಗೀರೂ ಬೀಳಲಿಲ್ಲ.

ಆಸ್ಪತ್ರೆಯಲ್ಲಿ ಅವನು ಎಲ್ಲರನ್ನೂ ನಗಿಸುತ್ತಾ ಓಡಾಡಿದ. ಆಮೇಲೆ ತಾಯಿಯನ್ನು ಮೂಲೆಗೆ ಕರೆದ.

"ಅಮ್ಮ, ಪೊಲೀಸಿನವರು ಬರ್ತಾರೆ. ಗಾಡಿ ಓಡಿಸ್ತಿದ್ದದ್ದು ಅವಳೇ ಅಂತ ಹೇಳಿಬಿಡು."

"ಅವಳ ಕೈ ಮುರಿದಿದೆಯಲ್ಲೋ!"

"ಸರಿಯಾಗಿ ಹಿಡ್ಕೊಂಡಿರಬೇಕಿತ್ತು. ನನ್ನದೇನು ತಪ್ಪು?"

ಸೊಸೆಯ ಕೈಗೆ ಪಟ್ಟಿ ಕಟ್ಟಿದ ನರ್ಸಕ್ಕನ ಮುಂದೆ ತಾಯಿ ಎಲ್ಲ ಹೇಳಿಕೊಂಡು ಅತ್ತುಬಿಟ್ಟಳು. ಅವನು ಶಾಲೆಯಲ್ಲಿ ಮಾಡಿದ್ದಕ್ಕೆ ಮೇಷ್ಟ್ರ ಹತ್ತಿರ, ಗ್ಯಾರೇಜಿನಲ್ಲಿ ಮಾಡಿದ್ದಕ್ಕೆ ಸಾಹುಕಾರರ ಹತ್ತಿರ, ಹೀಗೆ ಎಷ್ಟು ಸಲ ಅವನಿಗಾಗಿ ಸುಳ್ಳು ಹೇಳಿದ್ದಳೋ!

ನರ್ಸಕ್ಕ ಕೇಳಿದಳು, "ಚಿಕ್ಕವನಿದ್ದಾಗ ಹೇಗಿದ್ದ?"

"ಹತ್ತು ವರ್ಷದವನಿದ್ದಾಗ ಪಕ್ಕದ ಮನೆ ಬೆಕ್ಕನ್ನ ನೀರಿನ ಡ್ರಮ್ಮಿಗೆ ಹಾಕಿ ಮುಚ್ಚಳ ಮುಚ್ಚಿದ್ದ. ಯಾಕೋ ಅಂದ್ರೆ ನಕ್ಕ. ಈಗ ಸಿಟ್ಟು ಬಂದ್ರೆ ನಮ್ಮ ಮೇಲೂ ಕೈ ಮಾಡ್ತಾನೆ."

"ಅಮ್ಮ, ಸಮಾಜವಿರೋಧಿ ವ್ಯಕ್ತಿತ್ವದ ಅಸ್ವಸ್ಥತೆ ಅಂತ ಒಂದಿದೆ."

"ಏನಂದೆ? ನನ್ನ ಮಗ ಎಲ್ಲರ ಜೊತೆ ನಗ್ತಾ ಬೆರೀತಾನೆ!"

"ಜನರ ಜೊತೆ ಬೆರೆಯದವರು ಅಂತ ಅರ್ಥ ಅಲ್ಲಮ್ಮ. ಇವರಲ್ಲಿ ಕೆಲವರ ಮಾತು ಜೇನು. ಆದರೆ ಬಾಯಿ ಬಿಟ್ಟರೆ ಸುಳ್ಳು, ಕಾನೂನಿಗೆ ಕೇರ್ ಇಲ್ಲ, ಹಿಂದೆಮುಂದೆ ನೋಡದೆ ನುಗ್ಗೋದು, ಥಟ್ಟಂತ ಕೈ ಎತ್ತೋದು. ಕೆಲಸದಲ್ಲಿ ನಿಲ್ಲಲ್ಲ. ಇನ್ನೊಬ್ಬರಿಗೆ ನೋವಾದರೆ ಅಯ್ಯೋ ಅನ್ಸಲ್ಲ, ತಪ್ಪೆಲ್ಲ ಅವರದೇ ಅಂತಾರೆ. ಇದರ ಸುಳಿವು ಹದಿನೈದು ತುಂಬೋ ಮೊದಲೇ ಕಾಣಿಸುತ್ತೆ."

"ಹಾಗಾದ್ರೆ ಅವನಿಗೆ ಅದೇ ಇದೆಯಾ?"

"ಅದನ್ನ ನಾನೂ ಹೇಳೋ ಹಾಗಿಲ್ಲ, ನೀವೂ ಹೇಳೋ ಹಾಗಿಲ್ಲ. ಮನೋವೈದ್ಯರೇ ಹೇಳಬೇಕು. ಕೆಟ್ಟದ್ದು ಮಾಡಿದವರಿಗೆಲ್ಲ ಈ ಕಾಯಿಲೆ ಇರಲ್ಲ."

"ಗುಣ ಆಗುತ್ತಾ?"

"ನಿಧಾನ. ಅವನೂ ಮನಸ್ಸು ಮಾಡಬೇಕು. ಆದರೆ ಅವನು ಬದಲಾಗಲಿ ಅಂತ ನೀವು ಏಟು ತಿಂತಾ ಕೂರಬೇಕಿಲ್ಲ. ಅವನ ತಪ್ಪು ಮುಚ್ಚಿಡೋದು ಪ್ರೀತಿಯೂ ಅಲ್ಲ."

ಮಧ್ಯಾಹ್ನ ಪೊಲೀಸಿನವರು ಬಂದರು. ಮಗ ನಗುತ್ತಾ ಹೇಳಿದ, "ನಮ್ಮಮ್ಮ ನೋಡಿದ್ದಾರೆ, ಕೇಳಿ ಸಾರ್."

ಸೊಸೆ ಅತ್ತೆಯ ಮುಖ ನೋಡಿದಳು.

"ಹೌದು, ನೋಡಿದ್ದೀನಿ," ಎಂದಳು ತಾಯಿ. "ಗಾಡಿ ಓಡಿಸಿದ್ದು ಇವನೇ. ಕೆಂಪು ದೀಪ ಇತ್ತು."

ಮಗನ ಮುಖದ ನಗು ಮಾಯವಾಯಿತು. ಅವನು ಕೈ ಎತ್ತಿದ. ಪೊಲೀಸಿನವರು ಹಿಡಿದುಕೊಂಡರು. ತಾಯಿ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

"ಇನ್ನು ನಿನಗೋಸ್ಕರ ಸುಳ್ಳು ಹೇಳಲ್ಲ ಕಣೋ. ಡಾಕ್ಟರ ಹತ್ರ ಹೋಗ್ತೀಯಾ, ನಾನೂ ಬರ್ತೀನಿ. ಆದರೆ ಇವಳಿರೋ ಮನೆಗೆ ನೀನು ಕಾಲಿಡೋ ಹಾಗಿಲ್ಲ."

"ಅತ್ತೆ..." ಎಂದು ಸೊಸೆ ಎಡಗೈಯಿಂದ ಅವಳನ್ನು ತಬ್ಬಿಕೊಂಡಳು.

ನ್ಯಾಯಾಲಯ ಅವನ ಲೈಸೆನ್ಸ್ ರದ್ದು ಮಾಡಿತು. ಮನೋವೈದ್ಯರು ಹಲವು ಸಲ ಮಾತಾಡಿಸಿ, ಹಳೆಯದನ್ನೆಲ್ಲ ಕೇಳಿ ತಿಳಿದು, ಅದೇ ಕಾಯಿಲೆ ಎಂದರು. ಈಗ ಅವನಿರುವುದು ಬೇರೆ ಕಡೆ. ಚಿಕಿತ್ಸೆಗೆ ಒಂದು ವಾರ ಹೋಗುತ್ತಾನೆ, ಒಂದು ವಾರ ತಪ್ಪಿಸುತ್ತಾನೆ. ಅತ್ತೆ ಸೊಸೆಯರ ಮನೆಯಲ್ಲಿ ಮಾತ್ರ ಹೊಲಿಗೆ ಯಂತ್ರ ಮತ್ತೆ ಗಡಗಡ ಓಡುತ್ತಿದೆ. ಬಾಗಿಲಲ್ಲಿ ಸೊಸೆಯ ಹೆಸರಿನದೇ ಬೋರ್ಡು, ಒಳಗೆ ಗಿರಾಕಿಗಳ ಸಾಲು. ಅತ್ತೆ ಗುಂಡಿ ಹೊಲಿಯಲು ಕಲಿಯುತ್ತಿದ್ದಾಳೆ, ಅರ್ಧಕ್ಕರ್ಧ ಸೊಟ್ಟ. ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ.

ನಿಮ್ಮ ಮನೆಯಲ್ಲೂ ಇಂಥ ಲಕ್ಷಣಗಳು ಕಾಣುತ್ತಿವೆಯೇ? ಯಾರಿಗೂ ಹಣೆಪಟ್ಟಿ ಹಚ್ಚಬೇಡಿ, ಯಾವುದನ್ನೂ ಮುಚ್ಚಿಡಬೇಡಿ. ಮಕ್ಕಳಲ್ಲಿ ಕಂಡರೆ ಬೇಗ ವೈದ್ಯರಿಗೆ ತೋರಿಸಿ. ದೊಡ್ಡವರಾದರೆ ಮೊದಲು ನೀವು ಸುರಕ್ಷಿತವಾಗಿರಿ, ಆಮೇಲೆ ಮನೋವೈದ್ಯರನ್ನು ಕಾಣಿ. ನಿಜ ಹೇಳಲು ಹೆದರಬೇಡಿ ತಾಯಂದಿರೇ, ಹೇಳಿದ ದಿನವೇ ನೀವು ಗೆದ್ದಿರಿ!