ಮಾತು ಸ್ಪಷ್ಟವಾಗಿಲ್ಲ

ಬೆಳಗಿನ ಚಹಾ ಆರುವ ಮೊದಲೇ ಚಂದ್ರವ್ವ ಇಳಕಲ್ ಸೀರೆಯ ಮೇಲೆ ಕೋಟು ತೊಟ್ಟು ಸೋಫಾದ ತುದಿಯಲ್ಲಿ ಕೂತಿದ್ದಳು.

“ಎಲ್ಲಿಗೆ ಹೊಂಟ್ರಿ ಅತ್ತಿ?” ಲ್ಯಾಪ್‌ಟಾಪ್ ತೆರೆಯುತ್ತಿದ್ದ ಸೊಸೆ ಅಂಕಿತಾ ಕೇಳಿದಳು.

“ಜಿಪಿ ಡಾಕ್ಟರ ಕಡೆ ಕರಕೊಂಡು ಹೋಗವಾ. ನನ್ನ ಕಿವಿ ಪೂರಾ ಕೆಟ್ಟಾವ.”

“ಮೊನ್ನೆರ ಹೊಸಾ ಮಿಷಿನ್ ಹಾಕ್ಸೇವಿ. ನಾ ಹೇಳೂದು ಕೇಳತೈತಲ್ಲ?”

“ನೀ ಹೇಳೂದು ಕೇಳತೈತಿ. ಈ ಲಂಡನ್ ಫೆಲ್ಥಮ್ಮಿನಾಗ ತಲಿ ಮ್ಯಾಲ ಹಾರೂ ವಿಮಾನ ಅಂತೂ ಬ್ಯಾಡಂದ್ರೂ ಕೇಳತಾವ. ಟೀವಿದು ಕೇಳವಲ್ದು. ಆ ಮಿಷಿನ್ನೇ ಟೀವಿ ಮ್ಯಾಲ ಬರದು ತೋರಸ್ತೈತಿ, ಮಾತು ಸ್ಪಷ್ಟವಾಗಿಲ್ಲ ಅಂತ. ನಿನ್ನೆ ಮತ್ತ ಬಂತು.”

ಅಂಕಿತಾಳ ಕೈ ನಿಂತಿತು. ಕಿವಿ ತೋರಿಸಲು ಆಸ್ಪತ್ರೆಗೆ ಹೋದಾಗ ಅಲ್ಲಿಯ ಹುಡುಗಿ, ಟೀವಿಯ ದನಿ ನೇರ ಕಿವಿಗೆ ಬರುವಂತೆ ಯಂತ್ರವನ್ನು ಹೊಂದಿಸಿಕೊಟ್ಟಿದ್ದಳು. ಅಂದಿನಿಂದ ತೆರೆಯ ಮೇಲಿನ ಆ ಸಾಲು ತನ್ನ ಕಿವಿಯ ಸಮಾಚಾರ ಎಂದೇ ಅತ್ತೆ ತಿಳಿದಿದ್ದಳು. ಬರೆಯುವವಳು ಸೊಸೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಒಂದು ಕನ್ನಡ ಚಾನೆಲ್ಲಿನ ಕಾರ್ಯಕ್ರಮಗಳಿಗೆ ಮನೆಯಿಂದಲೇ ಅಡಿಬರಹ ಹಾಕುವುದು, ಅಂದರೆ ಆಡಿದ ಮಾತನ್ನು ತೆರೆಯ ಕೆಳಗೆ ಬರೆಯುವುದು, ಅಂಕಿತಾಳ ಕೆಲಸ. ನಡೆಸುವವರು ಲಂಡನ್ನಿನಲ್ಲಿದ್ದರೂ ಚಾನೆಲ್ಲಿನ ಲೈಸೆನ್ಸು ಗಲ್ಫ್ ದೇಶವೊಂದು ಚಾನೆಲ್ಲುಗಳಿಗೆಂದೇ ಮಾಡಿಕೊಟ್ಟ ಮೀಡಿಯಾ ವಲಯದ್ದು. ಅಲ್ಲಿ ತೆರಿಗೆಯಿಲ್ಲ, ಆದರೆ ಆ ದೇಶಕ್ಕೆ ಇರುಸುಮುರುಸಾಗುವ ಮಾತು ಹೊರಬೀಳಬಾರದು. ಅಂಥ ಮಾತು ಬಂದ ಕಡೆ ಸಂಗೀತ ಏರಿಸಿ, ಕೆಳಗೆ ‘ಮಾತು ಸ್ಪಷ್ಟವಾಗಿಲ್ಲ’ ಎಂದು ಹಾಕುವುದು ರೂಢಿ. ಮೊದಮೊದಲು ಮೇಲಿನವರು ಹೇಳಿದಾಗ ಮಾತ್ರ ಹಾಕುತ್ತಿದ್ದಳು. ಈಚೆಗೆ ಯಾರೂ ಹೇಳುವ ಮೊದಲೇ ಬೆರಳು ಅತ್ತ ಓಡುತ್ತಿತ್ತು. ಬೇಸಿಗೆಯ ಹೊತ್ತಿಗೆ ಆ ವಲಯದಲ್ಲೇ ಅವಳಿಗೆ ದೊಡ್ಡ ಹುದ್ದೆ ಸಿಗುವುದಿತ್ತು. ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸಿ ಇಳಿಸಿ ಸೊಂಟ ನೋಯಿಸಿಕೊಂಡಿದ್ದ ಗಂಡ ಸುಶಾಂತ ಅದನ್ನೇ ಕಾಯುತ್ತಿದ್ದ.

“ನಿನ್ನೆ ಟೀವಿಯಾಗ ಆ ಹೆಣ್ಮಗಳು ಏನಂದ್ಲು, ಅದನ್ನರ ಹೇಳು,” ಎಂದಳು ಚಂದ್ರವ್ವ. “ಕಲಬುರಗಿ ಕಡೆಯಾಕಿ. ಆ ಗಲ್ಫ್ ದೇಶದಾಗ ಯಾರದೋ ಮನಿಗೆಲಸಕ್ಕ ಅದಾಳಂತ. ನಗಕೋತ ಮಾತಾಡಾಕಿ ಒಮ್ಮೆಲೆ ಸೆರಗು ಬಾಯಿಗೆ ಹಚ್ಚಿದ್ಲು. ಆವಾಗ ನೋಡು, ನನ್ನ ಕಿವಿ ಕೈಕೊಟ್ಟು. ಪಾಪ, ಏನ ಕಷ್ಟೋ ಏನೋ. ನಾ ಕಿವುಡಿ ಹಂಗ ಕುಂತೆ.”

ಅಂಕಿತಾ ಲ್ಯಾಪ್‌ಟಾಪ್ ಬದಿಗಿಟ್ಟು ಎದ್ದಳು. ಒಳಕೋಣೆಗೆ ಹೋಗಿ ಅಭಿಜಿತನಿಗೆ ಫೋನ್ ಮಾಡಿದಳು. ಚಾನೆಲ್ಲಿನ ಲಂಡನ್ ಕೆಲಸ ನೋಡಿಕೊಳ್ಳುವ ಬೆಂಗಳೂರಿನವ ಅವನು.

“ನಿನ್ನೆಯ ಕಾರ್ಯಕ್ರಮ ಸಂಜೆ ಮತ್ತೆ ಬರುತ್ತಲ್ಲ, ಅದರ ಒಂದು ಸಾಲು ತಿದ್ದಬೇಕು. ಆ ಮನೆಗೆಲಸದ ಹೆಂಗಸು ಹೇಳಿದ್ದು ನನಗೆ ಸ್ಪಷ್ಟವಾಗೇ ಕೇಳಿಸಿತ್ತು.”

“ನಂಗೂ ಕೇಳಿಸ್ತು. ಅದಕ್ಕೇ ತಾನೆ ಮ್ಯೂಸಿಕ್ ಏರಿಸಿದ್ದು?” ಅಭಿಜಿತ ನಕ್ಕ. ಆಮೇಲೆ ಸಮಾಧಾನವಾಗಿ ಹೇಳಿದ: “ನೋಡಿ ಅಂಕಿತಾ, ಲೈಸೆನ್ಸ್ ಹೋದ್ರೆ ಚಾನೆಲ್ಲೇ ಮುಚ್ಚತ್ತೆ. ಈಗ ಅವಳ ಮುಕ್ಕಾಲು ಮಾತಾದ್ರೂ ಜನಕ್ಕೆ ಮುಟ್ತಿದೆ. ಆಮೇಲೆ ಅದೂ ಇಲ್ಲ. ಅವಳಿಗೂ ತೊಂದ್ರೆ ಆಗ್ಬಹುದು, ಯೋಚಿಸಿದ್ರಾ?”

“ಯೋಚಿಸಿದೆ. ಇದನ್ನ ಟೀವಿಯಲ್ಲಿ ಹಾಕಿ ಅಂತ ಆಕೆಯೇ ಬೇಡಿಕೊಂಡಿದಾಳೆ. ಆ ಮಾತನ್ನೂ ನಾನೇ ಮುಚ್ಚಿದೆ. ನೀವು ತೆಗೆಯಲೇಬೇಕಂದ್ರೆ ತೆಗೀರಿ, ‘ಈ ಮಾತನ್ನು ತೆಗೆದಿದ್ದೇವೆ’ ಅಂತ ಬರೀತೀನಿ. ಸ್ಪಷ್ಟವಾಗಿಲ್ಲ ಅಂತ ಇನ್ನು ಬರೆಯಲ್ಲ. ನಮ್ಮತ್ತೆ ಕಿವಿ ಕೆಟ್ಟಿದೆ ಅಂತ ಕೋಟು ಹಾಕಿಕೊಂಡು ಕೂತಿದಾರೆ.”

ಏನಾಯಿತೆಂದು ಕೇಳಿ ತಿಳಿದ ಮೇಲೆ ಅಭಿಜಿತ ನಗಲಿಲ್ಲ.

“ಹಾಗೆ ಬರೆದ್ರೆ ಆ ಪೋಸ್ಟ್ ನಿಮಗೆ ಸಿಗಲ್ಲ. ನನ್ನ ಕೈಲಿ ಏನೂ ಇಲ್ಲ.”

“ಗೊತ್ತು.”

“ಸುಶಾಂತ್‌ಗೆ ಹೇಳಿದೀರಾ?”

“ಡ್ಯೂಟಿ ಮುಗಿಸಿ ಬರಲಿ, ಹೇಳ್ತೀನಿ.”

ಹೊರಗೆ ಬಂದು ಅಂಕಿತಾ, ಸಂಗೀತ ಬೆರೆಸದ ಮೂಲ ಚಿತ್ರವನ್ನು ತೆರೆದು, ಹಳೆಯ ಸಾಲು ಅಳಿಸಿ ಆ ಹೆಂಗಸಿನ ಮಾತನ್ನೇ ಬರೆದಳು. ಅದನ್ನು ಮನೆಯ ಟೀವಿಗೆ ಹಾಕಿ ತೋರಿಸಿದಳು. ಚಂದ್ರವ್ವ ಮುಂದಕ್ಕೆ ಬಾಗಿ, ತುಟಿ ಅಲುಗಿಸುತ್ತ ಒಂದೊಂದೇ ಪದ ಓದಿದಳು.

“ಪಾಸ್‌ಪೋರ್ಟ್ ಮಾಲಕರ ಕಪಾಟ್ನಾಗ ಅದ. ಅವ್ವ ಸತ್ತಾಗೂ ಕೊಡಲಿಲ್ಲ. ಇದನ್ನ ಟೀವಿದಾಗ ಹಾಕ್ರಿ. ನಮ್ಮಣ್ಣ ನೋಡಲಿ. ನಾ ಬರಬಾರದಂತ ಕುಂತಿಲ್ಲ.”

“ಇನ್ನೊಮ್ಮೆ ಹಾಕು,” ಎಂದಳು.

ಅಂಕಿತಾ ಹಾಕಿದಳು. ಈ ಸಲ ಚಂದ್ರವ್ವ ಸಾಲು ಓದಲಿಲ್ಲ. ಕಣ್ಣು ಮುಚ್ಚಿ ಬರಿಯ ದನಿ ಕೇಳಿದಳು.

“ಎಲ್ಲಾ ಕೇಳಸ್ತು. ನನ್ನ ಕಿವಿ ಸರಿ ಅದಾವ.” ಮೆಲ್ಲಗೆ ಸೊಸೆಯ ಕಡೆ ತಿರುಗಿದಳು. “ಹಂಗಾರ ನಿನ್ನೆ...”

ಅಂಕಿತಾ ತಲೆ ತಗ್ಗಿಸಿದಳು. ಚಂದ್ರವ್ವ ಲ್ಯಾಪ್‌ಟಾಪನ್ನು ನೋಡಿದಳು, ಸೊಸೆಯ ಬೆರಳುಗಳನ್ನು ನೋಡಿದಳು. ಕೋಟಿನ ಗುಂಡಿ ಬಿಚ್ಚತೊಡಗಿದಳು.

“ಅವರಣ್ಣ ನೋಡೂ ಹೊತ್ತಿಗೆ ಇದು ಬರತೈತೇನು?”

“ಗೊತ್ತಿಲ್ಲ ಅತ್ತಿ. ಬರದಿದ್ದರ, ತೆಗದೇವಿ ಅಂತ ಬರೀತೇನಿ. ಯಾರೋ ತೆಗದಾರ ಅನ್ನೂದರ ಅಂವಗ ಗೊತ್ತಾಗ್ಲಿ.”

ಚಂದ್ರವ್ವ ಕೋಟು ನೇತುಹಾಕಲು ಎದ್ದಳು. ಅಷ್ಟರಲ್ಲಿ ಅಂಕಿತಾ ಹಿಂದಿನ ವಾರದ ಕಾರ್ಯಕ್ರಮ ತೆರೆದು, ಅದೇ ‘ಮಾತು ಸ್ಪಷ್ಟವಾಗಿಲ್ಲ’ ಎಂಬ ಸಾಲು ಕಂಡ ಮೊದಲ ಜಾಗದಲ್ಲಿ ನಿಲ್ಲಿಸಿದ್ದಳು.

“ಕುಂದರ್ರಿ ಅತ್ತಿ,” ಎಂದಳು. “ಇನ್ನೂ ಭಾಳ ಅದಾವ.”